ಐದನ್ನು ಮೂರಕ್ಕೆ ಇಳಿಸಿದ್ದು

ಬಸ್ ನಿಲ್ದಾಣದ ಹಿಂಭಾಗದಲ್ಲಿ, ಹಳೇ ಟಯರು ಗುಡ್ಡೆ ಹಾಕುವ ಜಾಗ ದಾಟಿದ ಮೇಲೆ, ಒಂದು ಉದ್ದನೆಯ ಕೋಣೆ ಇದೆ. ಬಾಗಿಲ ಮೇಲೆ ‘ಕಳೆದುಹೋದ ವಸ್ತುಗಳ ವಿಭಾಗ’ ಎಂದು ಬರೆದಿದೆ. ಜನ ಬಸ್ಸಿನಲ್ಲಿ ಮರೆತು ಇಳಿದದ್ದೆಲ್ಲ ಕೊನೆಗೆ ಇಲ್ಲಿಗೆ ಬಂದು ಬೀಳುತ್ತದೆ. ಕೊಡೆ, ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಒಂದು ಸಲ ಹಲ್ಲಿನ ಸೆಟ್ಟು. ಒಂಟಿ ಚಪ್ಪಲಿಯವನು ಹೇಗೆ ಮನೆ ಸೇರಿದ, ಹಲ್ಲಿನವರು ರಾತ್ರಿ ಏನು ತಿಂದರು ಎಂದೆಲ್ಲ ಈ ವಿಭಾಗದಲ್ಲಿ ಯಾರೂ ಕೇಳುವುದಿಲ್ಲ. ಚೀಟಿ ಕಟ್ಟಿ, ನಂಬರು ಬರೆದು, ಕಪಾಟಿನಲ್ಲಿಟ್ಟು ಕೈ ಒರೆಸಿಕೊಳ್ಳುತ್ತಾರೆ.

ಇಲ್ಲಿ ಐದು ಜನ ಕೆಲಸ ಮಾಡುತ್ತಾರೆ. ಒಂದು ಮೂಲೆಯ ಗಾಜಿನ ಕೋಣೆಯಲ್ಲಿ ಸಾಹೇಬರು. ನಟ್ಟನಡುವೆ, ಫ್ಯಾನಿನ ಕೆಳಗೆ, ದೊಡ್ಡ ಗುಮಾಸ್ತರು. ಎಡಗೋಡೆಯ ಅಂಚಿಗೆ ಟೈಪಿಸ್ಟ್ ಮೇಡಂ. ಬಲಗೋಡೆಯ ಅಂಚಿಗೆ ಸ್ಟೋರಿನವರು. ಇನ್ನೊಂದು ಮೂಲೆಯಲ್ಲಿ, ಸಾರ್ವಜನಿಕರು ಬಂದು ನಿಲ್ಲುವ ಕಿಟಕಿಯ ಪಕ್ಕ, ನಮ್ಮ ಕಥಾನಾಯಕರು. ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ಆದ ಅನಾಹುತಕ್ಕೆಲ್ಲ ಕುರ್ಚಿಗಳೇ ಕಾರಣ.

ಕಥಾನಾಯಕರನ್ನು ಎಲ್ಲರೂ ‘ಆಗ್ಲಿಬಿಡಿ’ ಎಂದೇ ಕರೆಯುತ್ತಿದ್ದರು. ಯಾರು ಏನು ಹೇಳಿದರೂ ಅವರ ಬಾಯಿಂದ ಬರುವ ಮೊದಲ ಮಾತು ಅದೇ. “ನಿಮ್ಮ ರಜಾ ಮಂಜೂರಾಗಿಲ್ಲ” ಎಂದರೆ “ಆಗ್ಲಿಬಿಡಿ.” “ನಿಮ್ಮ ಕುರ್ಚಿ ಕಾಲು ಮುರಿದಿದೆ” ಎಂದರೆ “ಆಗ್ಲಿಬಿಡಿ, ಗೋಡೆಗೆ ಒರಗಿಸ್ಕೋತೀನಿ.” ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಇಂಥವರನ್ನು ಕಂಡು ಒಂದು ವಾರ ಇಡೀ ಕಚೇರಿ ಗಡಗಡ ನಡುಗಿತು ಎಂದರೆ ನೀವು ನಂಬುವುದು ಕಷ್ಟ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಸೋಮವಾರ ಬೆಳಿಗ್ಗೆ ಒಬ್ಬ ಕಂಡಕ್ಟರು ಒಂದು ತಗಡಿನ ಡಬ್ಬ ತಂದುಕೊಟ್ಟ. ಒಳಗೆ ಮೆತ್ತನೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಬಣ್ಣದ ಘನ. ಮಕ್ಕಳು ತಿರುಗಿಸಿ ಆಡುವಂಥದ್ದೇ, ಆದರೆ ಅದರ ದೊಡ್ಡಪ್ಪ. ಸಾಮಾನ್ಯದ್ದಕ್ಕೆ ಸಾಲಿಗೆ ಮೂರು ಚೌಕ ಇದ್ದರೆ ಇದಕ್ಕೆ ಐದು. ಆರು ಮುಖಕ್ಕೂ ಒಂದೊಂದೇ ಬಣ್ಣ ಬಂದು, ಈಗ ತಾನೇ ಸ್ನಾನ ಮಾಡಿಸಿದ ಕೂಸಿನ ಹಾಗೆ ಲಕ್ಷಣವಾಗಿ ಕೂತಿತ್ತು. ಡಬ್ಬದ ಮುಚ್ಚಳದ ಒಳಗೆ ವಿಳಾಸದ ಚೀಟಿ ಕೂಡ ಇತ್ತು. ಆಗ್ಲಿಬಿಡಿ ಅದೇ ಗಳಿಗೆಯಲ್ಲಿ ವಿಳಾಸಕ್ಕೆ ಕಾಗದ ಬರೆದು, ಆ ಕಡೆಗೆ ಹೋಗುವ ಬಸ್ಸಿನ ಡ್ರೈವರ್ ಕೈಯಲ್ಲೇ ಕಳಿಸಿದರು.

ದೊಡ್ಡ ಗುಮಾಸ್ತರು ಘನವನ್ನು ದೂರದಿಂದಲೇ ನೋಡಿ, “ಇದನ್ನ ಹೀಗೆ ಕೂರ್ಸೋಕೆ ಎಂಥಾ ತಲೆ ಬೇಕಪ್ಪಾ!” ಎಂದರು.

ಇಲ್ಲಿ ಒಂದು ಮನೆ ವಿಷಯ ಹೇಳಬೇಕು. ಆಗ್ಲಿಬಿಡಿಯ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಹಲ್ಲಿನ ಡಾಕ್ಟರು. ಲೋಕದಲ್ಲಿ ಆತನಿಗೆ ಗೊತ್ತಿಲ್ಲದ್ದು ಇಲ್ಲ. ನೆಂಟರ ಮನೆಯ ಒಂದು ಮದುವೆಯಲ್ಲಿ ಆತ ಎಲ್ಲರ ಮುಂದೆ ಚಿಕ್ಕ ಘನವನ್ನು ಒಂದೇ ನಿಮಿಷದಲ್ಲಿ ಸರಿಮಾಡಿ ಚಪ್ಪಾಳೆ ಗಿಟ್ಟಿಸಿದ್ದ. ಆಗ ನಮ್ಮವರು, ಜೀವಮಾನದಲ್ಲಿ ಒಂದೇ ಒಂದು ಸಲ, ಮೀಸೆಯ ಮೇಲೆ ಕೈಯಿಟ್ಟು, “ಚಿಕ್ಕದನ್ನ ಯಾರ್ ಬೇಕಾದ್ರೂ ಮಾಡ್ತಾರೆ, ದೊಡ್ಡದು ಇದ್ರೆ ಕೊಡಿ” ಎಂದುಬಿಟ್ಟಿದ್ದರು. ದೊಡ್ಡದು ಅಲ್ಲಿ ಇರಲಿಲ್ಲ. ಇಲ್ಲದ ಧೈರ್ಯಕ್ಕೆ ಅಂದು ಒಳ್ಳೆ ಹೆಸರು ಬಂತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕ್ಯಾಂಟೀನಿಗೆ ಹೋದರು. ಆಗ್ಲಿಬಿಡಿ ಮತ್ತು ಘನ ಇಬ್ಬರೇ ಉಳಿದರು. ಒಂದು ಪದರ ಬಲಕ್ಕೆ ತಿರುಗಿಸಿದರು. ಬೆಣ್ಣೆಯ ಹಾಗೆ ತಿರುಗಿತು. ವಾಪಸ್ ತಿರುಗಿಸಿದರು. ಸರಿಹೋಯಿತು. ‘ಇಷ್ಟೇನಾ!’ ಎಂದು ಎರಡು ಪದರ ತಿರುಗಿಸಿದರು. ಎರಡನ್ನೂ ವಾಪಸ್ ತಂದರು. ಮೂರಾಯಿತು. ನಾಲ್ಕನೆಯದಕ್ಕೆ ಕಿಟಕಿಯಲ್ಲಿ ಯಾರೋ “ಸಾರ್, ನನ್ನ ಕೊಡೆ…” ಎಂದರು. ಕೊಡೆ ಹುಡುಕಿ ಕೊಟ್ಟು ಬರುವಷ್ಟರಲ್ಲಿ ಮೊದಲು ತಿರುಗಿಸಿದ್ದು ಬಲದ್ದೋ ಮೇಲಿನದ್ದೋ ಮರೆತುಹೋಗಿತ್ತು. ನೆನಪು ಮಾಡಿಕೊಳ್ಳಲು ಇನ್ನೆರಡು ತಿರುಗಿಸಿದರು. ಕಾಲು ಗಂಟೆಯ ಮೇಲೆ ಆ ಘನ, ಜಾತ್ರೆಯಲ್ಲಿ ಕೈಬಿಟ್ಟ ಮಗುವಿನ ಹಾಗೆ, ಆರು ಕಡೆಯಿಂದಲೂ ಅವರನ್ನು ನೋಡಿ ಅಳುತ್ತಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬದಲ್ಲಿಟ್ಟು, ಕಪಾಟುಗಳ ಹಿಂದಿನ ಸಂದಿಯಲ್ಲಿ ಬಚ್ಚಿಟ್ಟರು.

ಮಂಗಳವಾರ ಬೆಳಿಗ್ಗೆ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ.

“ಡಬ್ಬ ಸಿಕ್ಕಿದೆ ಅಂತ ಕಾಗದ ಬಂತಪ್ಪಾ. ಮನೆ ಬದಲಾಯಿಸೋ ಗಡಿಬಿಡೀಲಿ ಬಸ್ಸಲ್ಲೇ ಬಿಟ್ಬಿಟ್ಟೆ. ಒಳಗಿಂದು ಇದ್ದ ಹಾಗೇ ಇದೆಯಾ?”

“ಇದ್ದ ಹಾಗೇ ಇದೆ ಅಮ್ಮಾ,” ಎಂದರು ಆಗ್ಲಿಬಿಡಿ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ ಒಣಗಿತು.

“ನಮ್ಮ ಯಜಮಾನರು ಕೊನೇ ಸಲ ಕೂರಿಸಿದ್ದು ಅದು. ಅವರು ಹೋಗಿ ಆರು ವರ್ಷ ಆಯ್ತು. ಅವತ್ತಿಂದ ಯಾರೂ ಕೈ ಹಾಕಿಲ್ಲ. ಶುಕ್ರವಾರ ಮೂರು ಗಂಟೆಗೆ ಬರ್ತೀನಿ.”

ಆಗ್ಲಿಬಿಡಿ ಫೋನು ಇಟ್ಟವರು, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಗೋಡೆಯ ಹಾಗೇ ಕೂತರು. ಆಮೇಲೆ, ಮಾನ ಮರ್ಯಾದೆಯನ್ನೆಲ್ಲ ಮಡಚಿ ಜೇಬಿನಲ್ಲಿಟ್ಟುಕೊಂಡು, ಷಡ್ಡಕನಿಗೆ ಫೋನು ಮಾಡಿದರು.

ಷಡ್ಡಕ ಆಗ ಯಾರದೋ ದವಡೆ ಹಲ್ಲು ಕೊರೆಯುತ್ತಿದ್ದ. ಯಂತ್ರದ ಗಿರಗಿರಕ್ಕೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಾಗಿ ಆಗ್ಲಿಬಿಡಿ ಪ್ರತಿ ಮಾತನ್ನೂ ಗಟ್ಟಿಯಾಗಿ ತಿರುಗಿ ಹೇಳಿ, ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಕಚೇರಿಗೆ ಕೇಳಿಸಿದ್ದು ಆ ಒಂದು ಕಡೆಯ ಮಾತು ಮಾತ್ರ.

“ಏನಂದ್ರಿ ಡಾಕ್ಟ್ರೇ? ಐದನ್ನ ಮೂರಕ್ಕೆ ಇಳಿಸ್ಬೇಕಾ? … ಹೂಂ, ಐದನ್ನ… ಮೂರಕ್ಕೆ… ಬರ್ಕೊಂಡೆ. ಮೊದಲು ಮಧ್ಯದವನ್ನ ಮುಗಿಸ್ಬೇಕು. … ಆಮೇಲೆ ಅಂಚಿನವನ್ನ ಹಿಡಿದು ಜೋಡಿಸಿ ಒಂದು ಮಾಡ್ಬೇಕು. … ಮೂಲೇಲಿರೋವು? … ಮೂಲೆ ತಂಟೆಗೆ ಹೋಗೋದೇ ಬೇಡ, ಅಲ್ವಾ? ಸರಿ ಸರಿ. … ಇಲ್ಲ, ಇಲ್ಲಿ ಯಾರಿಗೂ ಗೊತ್ತಿಲ್ಲ. ಶುಕ್ರವಾರದೊಳಗೆ ಮುಗಿಸ್ತೀನಿ.”

ಷಡ್ಡಕ ಹೇಳಿದ್ದು ಘನದ ವಿಷಯ. ಐದರ ಘನವನ್ನು ನೇರವಾಗಿ ಬಿಡಿಸಲು ಹೋದರೆ ತಲೆ ಕೆಡುತ್ತದೆ. ಮೊದಲು ಪ್ರತಿ ಮುಖದ ಮಧ್ಯದ ಒಂಬತ್ತು ಚೌಕಕ್ಕೂ ಒಂದೇ ಬಣ್ಣ ತರಬೇಕು. ಆಮೇಲೆ ಪ್ರತಿ ಅಂಚಿನ ಮೂರು ತುಂಡು ಸೇರಿಸಿ ಒಂದೇ ತುಂಡಿನ ಹಾಗೆ ಮಾಡಿಕೊಳ್ಳಬೇಕು. ಅಷ್ಟಾದರೆ ಐದರ ಘನ ಮೂರರ ಘನವಾಗಿಬಿಡುತ್ತದೆ, ಅದನ್ನು ಬಿಡಿಸುವ ದಾರಿ ಯಾವ ಪುಸ್ತಕದಂಗಡಿಯಲ್ಲೂ ಸಿಗುತ್ತದೆ. ಆದರೆ ನಮ್ಮ ಆಡುಮಾತಿನಲ್ಲಿ ‘ಮಧ್ಯದವನ್ನ’ ಎಂದರೆ ಮಧ್ಯದ ತುಂಡುಗಳನ್ನು ಎಂದೂ ಆಗುತ್ತದೆ, ಮಧ್ಯದ ಮನುಷ್ಯನನ್ನು ಎಂದೂ ಆಗುತ್ತದೆ. ಪಂಡಿತರು ಇದನ್ನು ಸಮಯಕ್ಕೆ ಸರಿಯಾಗಿ ತಿದ್ದಿದ್ದರೆ ದೊಡ್ಡ ಗುಮಾಸ್ತರ ಕೈಯಲ್ಲಿದ್ದ ಚಹಾದ ಲೋಟ ಅವತ್ತು ಕೆಳಗೆ ಬೀಳುತ್ತಿರಲಿಲ್ಲ.

ಲೋಟ ಬಿದ್ದ ಸದ್ದಿಗೆ ಟೈಪಿಂಗ್ ನಿಂತಿತು. ಮೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದ ತಿಂಗಳು ಮುಖ್ಯ ಕಚೇರಿಯಿಂದ ‘ಸಿಬ್ಬಂದಿಯ ಮರುಹೊಂದಾಣಿಕೆ’ ಎಂಬ ಸುತ್ತೋಲೆ ಬಂದಿತ್ತು, ಸಹಿ ಹಾಕಿದವರ ಹೆಸರಿನ ಮುಂದೆ ‘ಡಾ.’ ಎಂದಿತ್ತು. ಅದರ ಅರ್ಥ ಯಾರಿಗೂ ಆಗಿರಲಿಲ್ಲ. ಈಗ ಎಲ್ಲರಿಗೂ ಒಟ್ಟಿಗೇ ಆಯಿತು.

ಅವರು ಕ್ಯಾಂಟೀನಿನಲ್ಲಿ ಸಭೆ ಸೇರಿದರು.

“ಲೆಕ್ಕ ಸರಿಯಾಗಿ ಕೂರುತ್ತೆ ನೋಡಿ,” ಎಂದರು ಟೈಪಿಸ್ಟ್ ಮೇಡಂ. “ಮಧ್ಯದವನ್ನ ಮುಗಿಸಿದ್ರೆ ಒಂದು ಹೋಯ್ತು. ಅಂಚಿನ ನಮ್ಮಿಬ್ಬರ ಕೆಲಸ ಜೋಡಿಸಿ ಒಂದು ಮಾಡಿದ್ರೆ ಇನ್ನೊಂದು ಹೋಯ್ತು. ಐದರಲ್ಲಿ ಎರಡು ಕಳೆದ್ರೆ ಮೂರು.”

“ಮೂಲೆಯವರು ಇಬ್ರೂ ಸೇಫು,” ಎಂದರು ಸ್ಟೋರಿನವರು ಹಲ್ಲು ಕಡಿಯುತ್ತ. “ಒಂದ್ ಮೂಲೇಲಿ ಸಾಹೇಬ್ರು, ಇನ್ನೊಂದ್ ಮೂಲೇಲಿ ಸ್ವತಃ ಅವರೇ! ಊರಿಗೆಲ್ಲ ಆಗ್ಲಿಬಿಡಿ ಅಂತಿದ್ದೋರು ನೋಡಿ, ಒಳಗೊಳಗೇ ಎಂಥಾ ಕತ್ತರಿ!”

ದೊಡ್ಡ ಗುಮಾಸ್ತರು ಬೆರಳು ಮಡಚಿ ಲೆಕ್ಕ ಹಾಕಿದರು. ನಿವೃತ್ತಿಗೆ ಇನ್ನು ಎರಡೇ ವರ್ಷ ಇತ್ತು. “ಮುಗಿಸ್ಬೇಕು ಅಂದ್ರು ಕಣ್ರೀ,” ಎಂದಷ್ಟೇ ಹೇಳಿದರು. “ತೆಗೀಬೇಕು ಅಂದಿದ್ರೂ ಆಗ್ತಿತ್ತು. ಮುಗಿಸ್ಬೇಕು ಅಂದ್ರು.”

ಬುಧವಾರದಿಂದ ಆಗ್ಲಿಬಿಡಿಯ ಬದುಕು ಸುಖವಾಯಿತು. ಬೆಳಿಗ್ಗೆ ಬಂದು ನೋಡಿದರೆ ಕುರ್ಚಿಯ ಮುರಿದ ಕಾಲಿಗೆ ಹೊಸ ಕಾಲು. ಅದರ ಮೇಲೆ ಸ್ಟೋರಿನವರ ಸ್ವಂತ ಮೆತ್ತೆ. ಟೈಪಿಸ್ಟ್ ಮೇಡಂ ತಮ್ಮ ಮೇಜಿನ ಪುಟ್ಟ ಫ್ಯಾನನ್ನು ತಂದು ಇವರ ಮುಖಕ್ಕೆ ತಿರುಗಿಸಿಟ್ಟರು. ದೊಡ್ಡ ಗುಮಾಸ್ತರು, ಮೂವತ್ತು ವರ್ಷದಿಂದ ಯಾರಿಗೂ ಮುಟ್ಟಲು ಕೊಡದ ತಮ್ಮ ಶಾಯಿ ಪೆನ್ನನ್ನು ಎರಡು ಕೈಯಲ್ಲಿ ಹಿಡಿದು, “ನಿಮ್ಮ ಹತ್ರ ಇರ್ಲಿ. ನನಗೆ ಇನ್ಯಾಕೆ?” ಎಂದರು.

ಆಗ್ಲಿಬಿಡಿಯ ಕಣ್ಣು ತುಂಬಿ ಬಂತು. ‘ನಾನು ಘನ ಕೆಡಿಸಿದ್ದು ಇವರಿಗೆಲ್ಲ ಗೊತ್ತಾಗಿದೆ. ಬೈಯುವುದು ಬಿಟ್ಟು ಸಮಾಧಾನ ಮಾಡುತ್ತಿದ್ದಾರೆ. ಎಂಥ ಜನ!’ ಎಂದುಕೊಂಡರು. “ನಿಮಗೆಲ್ಲಾ ಗೊತ್ತಾಗಿದೆ ಅಂತ ನಂಗೂ ಗೊತ್ತಾಯ್ತು. ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕ್ಕೊಳ್ಳಿ. ಸಾಹೇಬ್ರ ಕಿವಿಗೆ ಮಾತ್ರ ಬೀಳೋದು ಬೇಡ,” ಎಂದರು.

“ಹೊಟ್ಟೆಗೇ ಕಲ್ಲು ಹಾಕಿ, ಹೊಟ್ಟೆಗೆ ಹಾಕ್ಕೊಳ್ಳಿ ಅಂತಾರಲ್ರೀ,” ಎಂದು ಸ್ಟೋರಿನವರು ಆಮೇಲೆ ಮೇಡಂ ಹತ್ತಿರ ಹಲುಬಿದರು.

ಕಳೆದುಹೋದ ವಸ್ತುವನ್ನು ಕಚೇರಿಯಿಂದ ಹೊರಗೆ ಒಯ್ಯುವಂತಿಲ್ಲ ಎಂಬುದು ನಿಯಮ. ಹಾಗಾಗಿ ಆಗ್ಲಿಬಿಡಿ ಬಿಡುವು ಸಿಕ್ಕಾಗಲೆಲ್ಲ ಕಾಗದ ಹಿಡಿದು ಕಪಾಟುಗಳ ಹಿಂದೆ ಹೋಗಿ ಕೂರುತ್ತಿದ್ದರು. ಒಳಗಿಂದ ‘ಕರ್, ಕರ್, ಕಟಕ್’ ಎಂದು ಸದ್ದು. ಹೊರಗೆ ಮೂವರೂ ಮೈಯೆಲ್ಲ ಕಿವಿಯಾಗಿ ಕೂರುತ್ತಿದ್ದರು. ಇಪ್ಪತ್ತು ವರ್ಷ ಯಂತ್ರದ ಮುಂದೆ ಕೂತ ಮೇಡಂ ತಜ್ಞರ ಅಭಿಪ್ರಾಯ ಕೊಟ್ಟರು. “ಅದು ಬರೆಯೋ ಸದ್ದಲ್ಲ. ಹೆಸರು ಹೊಡೆದು ಹಾಕೋ ಸದ್ದು.” ಬುಧವಾರ ಮಧ್ಯಾಹ್ನ ಆಗ್ಲಿಬಿಡಿ ಮುಖ ಅರಳಿಸಿಕೊಂಡು ಹೊರಬಂದು, “ಅಬ್ಬಾ, ಮಧ್ಯದವು ಮುಗೀತು!” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ದೊಡ್ಡ ಗುಮಾಸ್ತರು ಎದ್ದು, ಮೇಜಿನ ಖಾನೆಯಿಂದ ತಮ್ಮ ಸಾಮಾನೆಲ್ಲ ಒಂದು ಚೀಲಕ್ಕೆ ತುಂಬತೊಡಗಿದರು.

ಮನೆಯಲ್ಲಿ ಘನ ಇರಲಿಲ್ಲವಾದ್ದರಿಂದ ಆಗ್ಲಿಬಿಡಿ ಬರಿಗೈಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಸಂಜೆ ಜಗಲಿಯಲ್ಲಿ ಕೂತು, ಎರಡು ಕೈ ಎದುರಿಗೆ ಹಿಡಿದು, ಗಾಳಿಯನ್ನು ಹಿಂಡುವುದು, ತಿರುಚುವುದು, ಮತ್ತೆ ಹಿಂಡುವುದು. ಹೆಂಡತಿ ಒಂದು ಗಂಟೆ ನೋಡಿದರು.

“ರೀ, ಅದರ ಬಣ್ಣ ಕಿತ್ತು ಅಂಟಿಸೋಕಾಗಲ್ವಾ?”

“ಅಂಟಿಸಿದ ಬಣ್ಣ ಅಲ್ಲ ಕಣೇ. ಪ್ಲಾಸ್ಟಿಕ್ಕೇ ಬಣ್ಣದ್ದು.”

“ಹಾಗಾದ್ರೆ ಆಯಮ್ಮಂಗೆ ನಿಜ ಹೇಳಿಬಿಡಿ.”

“ಹೇಳ್ತೀನಿ. ಸರಿಹೋದ ಮೇಲೆ.”

“ಸರಿಹೋದ ಮೇಲೆ ಏನಿರುತ್ತೆ ಹೇಳೋಕೆ?”

ಆಗ್ಲಿಬಿಡಿ ಮತ್ತೆ ಗಾಳಿಯ ಕಡೆ ತಿರುಗಿದರು, ಹೆಂಡತಿ ಒಳಗೆ ಹೋದರು. ಅದೇ ಹೊತ್ತಿಗೆ ಸ್ಟೋರಿನವರು ಒಂದು ದೊಡ್ಡ ಹಣ್ಣಿನ ಬುಟ್ಟಿ ಹೊತ್ತು ಗೇಟು ತೆಗೆದರು. ಜಗಲಿಯಲ್ಲಿ ಕಂಡ ದೃಶ್ಯಕ್ಕೆ ಅವರ ಕಾಲು ಅಲ್ಲೇ ಕಟ್ಟಿಹಾಕಿದಂತಾಯಿತು. ಕಣ್ಣುಮುಚ್ಚಿ, ತುಟಿ ಕಚ್ಚಿ, ಆಗ್ಲಿಬಿಡಿ ಯಾವುದೋ ಕಾಣದ ಕತ್ತನ್ನು ಹಿಸುಕುತ್ತಿದ್ದರು.

“ಯಾ… ಯಾರದು ಅದು?” ಎಂದರು ಸ್ಟೋರಿನವರು.

“ಅಂಚಿಂದು,” ಎಂದರು ಆಗ್ಲಿಬಿಡಿ ಕಣ್ಣು ತೆರೆಯದೆ. “ಬಲಗಡೆ ಅಂಚಿಂದು. ಎಷ್ಟು ತಿರುಚಿದ್ರೂ ಬಗ್ತಾ ಇಲ್ಲ.”

ಬುಟ್ಟಿ ಮೆಟ್ಟಿಲ ಮೇಲೆ ಉಳಿಯಿತು. ಸ್ಟೋರಿನವರು ಉಳಿಯಲಿಲ್ಲ. “ಯಾರೋ ಬಂದ ಹಾಗಿತ್ತಲ್ಲಾ?” ಎಂದು ಹೆಂಡತಿ ಹೊರಗೆ ಬಂದು ನೋಡಿದಾಗ ಬೀದಿಯ ಕೊನೆಯಲ್ಲಿ ಒಬ್ಬರು ಓಡುತ್ತಿರುವುದು ಕಾಣಿಸಿತು.

ಗುರುವಾರ ಮೂವರೂ ಸೇರಿ ಸಾಹೇಬರಿಗೆ ಅರ್ಜಿ ಕೊಟ್ಟರು. ಮೇಡಂ ಮೂರು ಪ್ರತಿ ಟೈಪು ಮಾಡಿದ್ದರು, ಕಣ್ಣೀರು ಬಿದ್ದ ಪ್ರತಿಯನ್ನು ಮೇಲಿಟ್ಟಿದ್ದರು. ಸಾಹೇಬರು ಓದಿ ಬೆವತರು. ತಮ್ಮನ್ನು ದಾಟಿ, ತಮ್ಮ ಕೈಕೆಳಗಿನ ಗುಮಾಸ್ತರಿಗೆ ಮೇಲಿನವರು ನೇರವಾಗಿ ಹುಕುಂ ಕೊಟ್ಟಿದ್ದಾರೆ ಎಂದರೆ ಏನರ್ಥ? ಮೂಲೆಯವರು ಕ್ಷೇಮ ಎಂದು ಅರ್ಜಿಯಲ್ಲೇನೋ ಇತ್ತು. ಆದರೆ ಗಾಜಿನ ಗೋಡೆ ಹಾಕಿಸಿಕೊಂಡವರು ಮೂಲೆಯವರೆನಿಸುತ್ತಾರೋ, ಪ್ರತ್ಯೇಕ ಕೋಣೆಯವರೆನಿಸುತ್ತಾರೋ? ಗುರುವಾರವೆಲ್ಲ ಅವರು ಟೇಪು ಹಿಡಿದು ಗೋಡೆಯಿಂದ ತಮ್ಮ ಕುರ್ಚಿಗೆ ಎಷ್ಟು ದೂರ ಎಂದು ಅಳೆದರು.

ಶುಕ್ರವಾರ. ಆಗ್ಲಿಬಿಡಿ ಕಪಾಟುಗಳ ಹಿಂದೆ ಕೂತು, ಹನ್ನೆರಡು ಅಂಚುಗಳಲ್ಲಿ ಹನ್ನೊಂದನ್ನು ಜೋಡಿಸಿ, ಮೂಲೆಗಳನ್ನೂ ಕೂರಿಸಿ, ಮಧ್ಯಾಹ್ನದ ಹೊತ್ತಿಗೆ ಆರು ಮುಖಕ್ಕೂ ಬಣ್ಣ ತಂದೇಬಿಟ್ಟರು. ಒಂದೇ ಒಂದು ಅಂಚು ಬಾಕಿ. ಅದರ ಮೂರು ತುಂಡುಗಳಲ್ಲಿ ನಡುವಿನದು ಸರಿಯಾಗಿ ಕೂತಿತ್ತು, ಅಕ್ಕಪಕ್ಕದವು ಅದಲು ಬದಲಾಗಿದ್ದವು. ಷಡ್ಡಕನಿಗೆ ಫೋನು ಮಾಡಿದರು.

“ಭಾವ, ಅದರ ಚಾಳೀನೇ ಅಷ್ಟು,” ಎಂದ ಷಡ್ಡಕ. ಆ ದಿನ ಅವನ ದನಿಯಲ್ಲಿ ಹಮ್ಮಿರಲಿಲ್ಲ. ಎಷ್ಟಾದರೂ ನಾಲ್ಕು ದಿನ ಜೊತೆಗೆ ಒದ್ದಾಡಿದವನು. “ಮೂರಕ್ಕೆ ಇಳಿಸಿದ್ರೂ ತಾನು ಐದು ಅನ್ನೋದನ್ನ ಅದು ಮರೆಯಲ್ಲ. ಹದಿನೈದು ತಿರುವು ಇದೆ, ಬರ್ಕೊಳ್ಳಿ. ನಡುವೆ ಎಲ್ಲಾ ಕೆಟ್ಟುಹೋಯ್ತು ಅನ್ಸುತ್ತೆ. ಹೆದರ್ಬೇಡಿ, ಕೊನೇ ತಿರುವಿಗೆ ಎಲ್ಲಾ ವಾಪಸ್ ಬರುತ್ತೆ. ಆದ್ರೆ ಒಂದು ತಪ್ಪಿದ್ರೂ ಮತ್ತೆ ಮೊದಲಿಂದ.”

ಹದಿನೈದು ತಿರುವನ್ನು ಬರೆದುಕೊಂಡ ಆಗ್ಲಿಬಿಡಿಗೆ ಮೊದಲನೆಯದನ್ನೂ ತಿರುಗಿಸಲು ಧೈರ್ಯವಾಗಲಿಲ್ಲ. ಎರಡು ಗಂಟೆ ಹೊಡೆಯಿತು. ಅಷ್ಟರಲ್ಲಿ ಸಾಹೇಬರ ಗಂಟೆಯೂ ಹೊಡೆಯಿತು.

“ಬನ್ನಿ ಸಾರ್, ಕೂತ್ಕೊಳ್ಳಿ,” ಎಂದರು ಸಾಹೇಬರು, ಎದ್ದು ನಿಂತು. “ಒಂದೇ ಒಂದು ಮಾತು ಹೇಳ್ಬಿಡಿ. ಆ ಮೂರರಲ್ಲಿ ನಾನು ಇದೀನಾ?”

“ಯಾವ ಮೂರು ಸಾರ್?”

“ನೀವು ಐದನ್ನ ಮೂರಕ್ಕೆ ಇಳಿಸ್ತಿದೀರಲ್ಲಾ.”

ಆಗ್ಲಿಬಿಡಿ ಕೈಮುಗಿದರು. “ನಿಮಗೂ ಗೊತ್ತಾಯ್ತಾ ಸಾರ್? ತಪ್ಪಾಯ್ತು. ಯಾರೂ ಇಲ್ಲದಾಗ ಏನೋ ಕುತೂಹಲಕ್ಕೆ ಕೈ ಹಾಕ್ಬಿಟ್ಟೆ.”

“ಕುತೂಹಲಕ್ಕಾ! ಅನ್ನದ ತಟ್ಟೆಗೆ ಯಾರಾದ್ರೂ ಕುತೂಹಲಕ್ಕೆ ಕೈ ಹಾಕ್ತಾರೇನ್ರೀ?”

“ಆದ್ರೆ ಎಲ್ಲಾ ಸರಿ ಮಾಡಿದೀನಿ ಸಾರ್. ಮಧ್ಯದವು ಬುಧವಾರಾನೇ ಮುಗೀತು. ಅಂಚಲ್ಲಿ ಮಾತ್ರ ಒಂದು ಉಲ್ಟಾ ಕೂತಿದೆ. ಅದಕ್ಕೊಂದು ಗತಿ ಕಾಣಿಸಿದ್ರೆ ಆಯ್ತು.”

ಗಾಜಿನ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ ಸ್ಟೋರಿನವರಿಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಬಂದರು. “ನಾನು ಯಾಕ್ರೀ ಉಲ್ಟಾ? ಹದಿನಾಲ್ಕು ವರ್ಷದಿಂದ ನೆಟ್ಟಗೆ ಕೂತಿದೀನಿ! ಕತ್ತು ಹಿಸುಕೋದಾದ್ರೆ ಎದುರಿಗೇ ಹಿಸುಕಿ!”

“ನನ್ನದಂತೂ ಮುಗೀತಲ್ಲ,” ಎಂದರು ಹಿಂದಿನಿಂದ ದೊಡ್ಡ ಗುಮಾಸ್ತರು, ಚೀಲ ಎದೆಗವಚಿಕೊಂಡು. “ಈಗಲೇ ಹೊರಡ್ಲೋ, ಸಂಜೆವರೆಗೂ ಇರ್ಲೋ?”

ಆಗ್ಲಿಬಿಡಿ ಒಬ್ಬೊಬ್ಬರನ್ನೇ ನೋಡಿದರು. ಅವರಿಗೆ ತಲೆಬುಡ ತಿಳಿಯಲಿಲ್ಲ. ಮಾತಿನಲ್ಲಿ ಹೇಳಲಾಗದ್ದನ್ನು ತೋರಿಸುವುದೇ ಮೇಲು ಎಂದು, ಕಪಾಟಿನ ಹಿಂದೆ ಹೋಗಿ, ಘನವನ್ನು ಎರಡು ಕೈಯಲ್ಲಿ ತಂದು ಸಾಹೇಬರ ಮೇಜಿನ ಮೇಲಿಟ್ಟರು. “ಇದೇ ಸಾರ್ ಐದು. ಇದರ ಮಧ್ಯ. ಇದರ ಅಂಚು. ಈ ಒಂದು ಉಲ್ಟಾ ಇದೆ.” ಆಮೇಲೆ ಸೋಮವಾರ ಮಧ್ಯಾಹ್ನದಿಂದ ಆದದ್ದನ್ನೆಲ್ಲ ಹೇಳಿದರು.

ಮೊದಲು ನಕ್ಕವರು ಮೇಡಂ. ನಕ್ಕು ನಕ್ಕು ಕಣ್ಣೊರೆಸಿಕೊಂಡವರು ಮರುಗಳಿಗೆಯಲ್ಲಿ ಸಿಡಿದರು. “ಮೂರು ದಿನ! ಮೂರು ದಿನ ಬೆವರು ಸುರಿಸ್ಕೊಂಡು ಟೈಪ್ ಮಾಡಿದೀನಿ!” ಎನ್ನುತ್ತ ತಮ್ಮ ಫ್ಯಾನು ಎತ್ತಿಕೊಂಡು ಹೋದರು. ಸ್ಟೋರಿನವರು ಮೆತ್ತೆ ಕಿತ್ತುಕೊಂಡರು. ಕುರ್ಚಿಯ ಹೊಸ ಕಾಲನ್ನೂ ಬಿಚ್ಚಲು ಬಗ್ಗಿದರು. ದೊಡ್ಡ ಗುಮಾಸ್ತರು ಮಾತ್ರ ಏನೂ ವಾಪಸ್ ಕೇಳಲಿಲ್ಲ. ಮೆಲ್ಲಗೆ ತಮ್ಮ ಮೇಜಿಗೆ ಹೋಗಿ, ಚೀಲದಿಂದ ಒಂದೊಂದೇ ಸಾಮಾನು ತೆಗೆದು ಖಾನೆಯಲ್ಲಿ ಜೋಡಿಸಿದರು. ಅದನ್ನು ನೋಡಿ ಉಳಿದವರ ಸಿಟ್ಟು ಇಳಿಯಿತು.

“ಆಯಮ್ಮ ಎಷ್ಟು ಹೊತ್ತಿಗೆ ಬರ್ತಾರೆ?” ಎಂದು ಕೇಳಿದರು ದೊಡ್ಡ ಗುಮಾಸ್ತರು.

“ಮೂರಕ್ಕೆ. ಹದಿನೈದು ತಿರುವು ಬಾಕಿ ಇದೆ. ನಂಗೆ ಕೈ ಓಡ್ತಿಲ್ಲ,” ಎಂದರು ಆಗ್ಲಿಬಿಡಿ. ಅವರ ಮುಖ ನೋಡಿದ ಸ್ಟೋರಿನವರು ಕುರ್ಚಿಯ ಕಾಲನ್ನು ಬಿಟ್ಟು ಎದ್ದರು. ಮೆತ್ತೆಯನ್ನು ಮತ್ತೆ ಕುರ್ಚಿಯ ಮೇಲೆ ಹಾಕಿ, “ಕೂತ್ಕೊಳ್ರೀ,” ಎಂದರು.

ಆ ಕಚೇರಿ ಸ್ಥಾಪನೆಯಾದ ಮೇಲೆ ಐದು ಜನ ಒಟ್ಟಾಗಿ ಒಂದು ಕೆಲಸ ಮಾಡಿದ್ದು ಅದೇ ಮೊದಲು. ಮೇಡಂ ಕಾಗದ ಹಿಡಿದು, ಉಕ್ತಲೇಖನ ಹೇಳುವ ಹಾಗೆ, ಬಿಡಿಸಿ ಬಿಡಿಸಿ ಓದತೊಡಗಿದರು. “ಬಲಗಡೆ ಎರಡನೇ ಪದರ, ಅರ್ಧ ಸುತ್ತು.” ಆಗ್ಲಿಬಿಡಿ ತಿರುಗಿಸಿದರು. ಕರ್. ದೊಡ್ಡ ಗುಮಾಸ್ತರು ತಾವು ಕೊಟ್ಟಿದ್ದ ಪೆನ್ನನ್ನೇ ಆಗ್ಲಿಬಿಡಿಯ ಮೇಜಿನಿಂದ ತೆಗೆದುಕೊಂಡು ಒಂದು ಗೀಟು ಹಾಕಿದರು. “ಒಂದು.” ಸ್ಟೋರಿನವರು ಎದುರಿಗೆ ಮಂಡಿಯೂರಿ, ಘನ ಅತ್ತಿತ್ತ ಹೊರಳದಂತೆ ಹಸಿರು ಮುಖದ ಮೇಲೇ ಕಣ್ಣಿಟ್ಟು ಕೂತರು. ಸಾಹೇಬರು ಕಿಟಕಿ ಕಾಯಲು ನಿಂತರು.

ಐದನೇ ತಿರುವಿಗೆ ಘನದ ಅಂದವೆಲ್ಲ ಕೆಟ್ಟಿತು. ಏಳಕ್ಕೆ ಇನ್ನಷ್ಟು. “ಅಯ್ಯೋ, ಹೋಯ್ತಲ್ರೀ!” ಎಂದರು ಸ್ಟೋರಿನವರು. “ಮಾತಾಡ್ಬೇಡಿ, ಎಂಟು,” ಎಂದರು ದೊಡ್ಡ ಗುಮಾಸ್ತರು. ಆಗ ಗಡಿಯಾರದಲ್ಲಿ ಎರಡೂ ನಲವತ್ತು. ಕಿಟಕಿಯ ಹೊರಗೆ, ಕೈಯಲ್ಲೊಂದು ಬಟ್ಟೆಚೀಲ ಹಿಡಿದು, ಒಬ್ಬ ಹಿರಿಯ ಹೆಂಗಸು ಬಂದು ನಿಂತರು.

“ಡಬ್ಬ ತಗೊಂಡು ಹೋಗೋಕೆ ಬಂದೆ. ಬಸ್ಸು ಬೇಗ ಸಿಕ್ತು.”

ಸಾಹೇಬರು ಕಿಟಕಿಯ ತುಂಬ ತಮ್ಮ ಮೈಯನ್ನು ಹರಡಿ ನಿಂತರು. “ಸಂತೋಷ. ಸ್ವಲ್ಪ ವಿಚಾರಣೆ ಇದೆ. ವಸ್ತುವಿನ ಆಕಾರ?”

“ಚೌಕ.”

“ಬಣ್ಣ?”

“ಆರು.”

“ಒಂದೊಂದಾಗಿ ಹೇಳಿ. ನಿಧಾನವಾಗಿ ಹೇಳಿ. ಅಕಾರಾದಿಯಾಗಿ ಹೇಳಿದ್ರೆ ಇನ್ನೂ ಒಳ್ಳೇದು.”

“ಕೆಂಪು, ಬಿಳಿ…” ಎಂದ ಆಕೆ ನಿಂತುಬಿಟ್ಟರು. ಸಾಹೇಬರ ಬೆನ್ನ ಹಿಂದಿನಿಂದ ಸದ್ದು ಬರುತ್ತಿತ್ತು. ಕರ್. ಕಟಕ್. ಆಕೆ ಕಿಟಕಿ ಬಿಟ್ಟು, ಪಕ್ಕದ ಬಾಗಿಲು ತಳ್ಳಿ, ನೇರವಾಗಿ ಒಳಗೆ ಬಂದರು.

ಆಗ್ಲಿಬಿಡಿ ತಲೆ ಎತ್ತಿದರು. ಕೈಯಲ್ಲಿ ಘನ, ಎಂದೂ ಇಲ್ಲದಷ್ಟು ಚೂರುಚೂರಾಗಿ ಚದುರಿತ್ತು. ಎದುರಿಗೆ ಅದರ ಒಡತಿ. ಆ ಗಳಿಗೆಯಲ್ಲಿ ನಿಮ್ಮಂಥ ನನ್ನಂಥ ಯಾರಾದರೂ ಮೇಜಿನ ಕೆಳಗೆ ಜಾಗ ಹುಡುಕುತ್ತಿದ್ದರು. ಆದರೆ ಈಗ ನಿಲ್ಲಿಸಿದರೆ ಎಲ್ಲವೂ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು.

“ಅಮ್ಮಾ, ಒಂದು ನಿಮಿಷ,” ಎಂದರು. “ಇನ್ನು ಆರೇ ಆರು. ಆಮೇಲೆ ಏನ್ ಬೇಕಾದ್ರೂ ಬೈಯಿರಿ.”

ಆಕೆ ದೊಡ್ಡ ಗುಮಾಸ್ತರ ಕುರ್ಚಿ ಎಳೆದುಕೊಂಡು ಕೂತರು. ಮೇಡಂ ಓದು ಮುಂದುವರಿಸಿದರು. ಹತ್ತು. ಹನ್ನೊಂದು. ಹನ್ನೆರಡಕ್ಕೆ ಒಂದು ಮುಖದಲ್ಲಿ ಹಳದಿ ಕೂಡಿಕೊಂಡಿತು. ಹದಿಮೂರು. ಹದಿನಾಲ್ಕು. “ಬಲಗಡೆ ಎರಡನೇ ಪದರ, ಅರ್ಧ ಸುತ್ತು,” ಎಂದರು ಮೇಡಂ, ಕಣ್ಣುಮುಚ್ಚಿಕೊಂಡು. ಕಟಕ್. ಆರು ಮುಖ, ಆರು ಬಣ್ಣ. ಒಂದು ಚೌಕವೂ ಹೆಚ್ಚುಕಮ್ಮಿ ಇಲ್ಲ. ಸ್ಟೋರಿನವರು ಸಾಹೇಬರನ್ನು ತಬ್ಬಿಕೊಂಡರು. ಯಾರನ್ನು ಎಂದು ಗೊತ್ತಾದ ಮೇಲೆ ಬಿಟ್ಟರು.

ಆಗ್ಲಿಬಿಡಿ ಎದ್ದು ಘನವನ್ನು ಆಕೆಯ ಮುಂದೆ ಹಿಡಿದರು. “ಫೋನಲ್ಲಿ ಸುಳ್ಳು ಹೇಳ್ದೆ ಅಮ್ಮಾ. ಇದು ನಿಮ್ಮ ಯಜಮಾನ್ರು ಕೂರಿಸಿದ್ದಲ್ಲ. ಅದನ್ನ ನಾನು ಸೋಮವಾರಾನೇ ಕೆಡಿಸ್ಬಿಟ್ಟೆ. ಇದು ನಾವು ಕೂರಿಸಿದ್ದು. ನೋಡೋಕೆ ಒಂದೇ, ಆದ್ರೆ ಅದು ಬೇರೆ, ಇದು ಬೇರೆ. ನಂಗೊತ್ತು.”

ಆಕೆ ಘನವನ್ನು ತೆಗೆದುಕೊಂಡು, ಆರು ಕಡೆಯೂ ತಿರುಗಿಸಿ ನೋಡಿದರು. ಸೆರಗಿನಿಂದ ಅದನ್ನೊಮ್ಮೆ ಒರೆಸಿದರು. ಮರುಕ್ಷಣ, ಯಾರಿಗೂ ಉಸಿರೆಳೆಯಲು ಪುರುಸೊತ್ತು ಕೊಡದೆ, ಕರ್ ಕರ್ ಕಟಕ್ ಎಂದು ಪದರ ಪದರವಾಗಿ ತಿರುಗಿಸಿ, ಹತ್ತೇ ಎಣಿಕೆಯಲ್ಲಿ ಹಾಳುಮಾಡಿಬಿಟ್ಟರು.

“ಅಯ್ಯಯ್ಯೋ!” ಎಂದು ಇಡೀ ಕಚೇರಿ ಒಂದೇ ದನಿಯಲ್ಲಿ ಕಿರುಚಿತು.

ಆಕೆ ನಗುತ್ತಿದ್ದರು. ಕೆನ್ನೆ ಒದ್ದೆಯಾಗಿತ್ತು. “ಅವರು ಅಚ್ಚುಕೂಟದಲ್ಲಿ ಕರಡು ತಿದ್ದೋ ಕೆಲಸದಲ್ಲಿದ್ರು. ತಪ್ಪಿಲ್ಲದ ಪುಟ ಕಂಡ್ರೆ ಅವರಿಗೆ ಬೇಜಾರು. ಇದು ಸರಿಹೋದ ಕೂಡಲೇ ‘ಕೆಡಿಸಿ ಕೊಡೇ’ ಅಂತಿದ್ರು. ನಾನು ಕೆಡಿಸ್ಬೇಕು, ಅವರು ಕೂರಿಸ್ಬೇಕು, ಮೂವತ್ತು ವರ್ಷ ಅದೇ ಆಟ. ಕೊನೇ ಸಲ ಕೇಳ್ದಾಗ ನಾನು ಪಾತ್ರೆ ತೊಳೀತಿದ್ದೆ. ‘ಇರಿ, ಕೈ ಒದ್ದೆ ಇದೆ’ ಅಂದೆ. ಅವತ್ತೇ ಸಂಜೆ ಹೋಗ್ಬಿಟ್ರು. ಆಮೇಲೆ ಕೆಡಿಸೋಕೂ ಆಗ್ಲಿಲ್ಲ, ನೋಡ್ತಾ ಕೂರೋಕೂ ಆಗ್ಲಿಲ್ಲ.” ಸೆರಗಿನಿಂದ ಕೆನ್ನೆ ಒರೆಸಿಕೊಂಡು, “ಕಿಟಕಿ ಹತ್ರ ಈ ಸದ್ದು ಕೇಳಿ, ಒಳಗೆ ಅವರೇ ಕೂತಿದಾರೆ ಅನ್ನಿಸ್ಬಿಡ್ತು ಕಣಪ್ಪಾ,” ಎಂದರು.

ಆಗ್ಲಿಬಿಡಿಗೆ ಸದಾ ಬಾಯಿಗೆ ಬರುವ ಒಂದೇ ಮಾತೂ ಆಗ ಬರಲಿಲ್ಲ.

ಆಕೆ ಸಹಿ ಹಾಕಿ, ಡಬ್ಬವನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು, ಘನವನ್ನು ಮಾತ್ರ ಕೈಯಲ್ಲೇ ಹಿಡಿದು ಹೊರಟರು. ಐದು ಜನವೂ ಕಿಟಕಿಯಲ್ಲಿ ತಲೆ ತೂರಿಸಿ ನೋಡುತ್ತಿದ್ದರು. ಆಕೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ಕನ್ನಡಕ ಹಾಕಿಕೊಂಡರು. ಒಂದು ಪದರ ಅತ್ತ ತಿರುಗಿಸಿದರು, ಒಂದು ಪದರ ಇತ್ತ. ಹುಬ್ಬು ಗಂಟಿಕ್ಕಿದರು. ಮೂವತ್ತು ವರ್ಷ ಕೆಡಿಸುವುದನ್ನಷ್ಟೇ ಕಲಿತಿದ್ದರಲ್ಲ, ಕೂರಿಸುವುದು ಅವರಿಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ಅವರ ಬಸ್ಸು ಬಂತು. ಕಂಡಕ್ಟರು ಎರಡು ಸಲ ಸೀಟಿ ಊದಿದ. ಬಸ್ಸು ಹೋಯಿತು. ಆಕೆ ತಲೆ ಎತ್ತಲಿಲ್ಲ.

“ಮುಂದಿನ ಬಸ್ಸು ಐದಕ್ಕೇ ಇರೋದು,” ಎಂದರು ದೊಡ್ಡ ಗುಮಾಸ್ತರು.

ಆಗ್ಲಿಬಿಡಿ ಷಡ್ಡಕ ಹೇಳಿದ್ದನ್ನು ಬರೆದುಕೊಂಡಿದ್ದ ಕಾಗದಗಳನ್ನೆಲ್ಲ ಒಟ್ಟು ಮಾಡಿಕೊಂಡರು. ಯಾರ ಅಪ್ಪಣೆಯನ್ನೂ ಕೇಳದೆ ಹೊರಗೆ ನಡೆದು, ಕಲ್ಲುಬೆಂಚಿನ ಮೇಲೆ ಆಕೆಯ ಪಕ್ಕ ಹೋಗಿ ಕೂತರು. ಕಿಟಕಿಗೆ ಯಾರೋ ಬಂದು, “ಸಾರ್, ನನ್ನ ಊಟದ ಡಬ್ಬಿ…” ಎಂದರು. ಸಾಹೇಬರು ಒಮ್ಮೆ ಹೊರಗಿನ ಬೆಂಚನ್ನು ನೋಡಿದರು, ಒಮ್ಮೆ ಖಾಲಿ ಕುರ್ಚಿಯನ್ನು ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿಕೊಂಡು, ಡಬ್ಬಿ ಹುಡುಕಲು ತಾವೇ ಕಪಾಟುಗಳ ಹಿಂದೆ ಹೋದರು.